ನೀರಿದ್ದಲ್ಲೇ ಬಿಡಾರ

ಬಯಲುಸೀಮೆಯಲ್ಲಿ ಹೊತ್ತು ಮುಳುಗುವ ವೇಳೆಗೆ ದಾರಿಹೋಕನ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳುತ್ತವೆ. ಇವತ್ತು ರಾತ್ರಿ ಎಲ್ಲಿ ತಂಗುವುದು? ಅಲ್ಲಿ ನೀರಿದೆಯೇ? ಮಲೆನಾಡಿನವರಿಗೆ ಎರಡನೆಯ ಪ್ರಶ್ನೆ ಹೊಳೆಯುವುದೇ ಕಡಿಮೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಅದೇ ಮೊದಲ ಪ್ರಶ್ನೆ. ನೀರಿದ್ದ ಕಡೆ ಬಿಡಾರ. ನೀರಿಲ್ಲದಿದ್ದರೆ ಕತ್ತಲಾದರೂ ಸರಿ, ಇನ್ನೊಂದು ಹರಿದಾರಿ ನಡೆಯಬೇಕು. ಇಂದಿನ ಮಾತು ಈ ಸೀಮೆಯ ರಾತ್ರಿ ಬಿಡಾರಗಳನ್ನು ಕುರಿತದ್ದು, ಅವುಗಳನ್ನು ಸಾಕಿಕೊಂಡು ಬಂದ ಸಣ್ಣ ಸಣ್ಣ ನೀರುಗಳನ್ನು ಕುರಿತದ್ದು.

ಈಗ ಬಯಲಿನಲ್ಲಿ ರಾತ್ರಿ ಕಳೆಯುವುದು ಒಂದು ಹವ್ಯಾಸವಾಗಿ ಬೆಳೆದಿದೆ. ಶನಿವಾರ ಮಧ್ಯಾಹ್ನ ಬೈಕಿಗೆ ಡೇರೆ ಕಟ್ಟಿಕೊಂಡು ಹೊರಡುವ ಹುಡುಗ ಹುಡುಗಿಯರು ತುಮಕೂರು ರಸ್ತೆಯಲ್ಲಿ ವಾರವಾರವೂ ಕಾಣುತ್ತಾರೆ. ಅವರಲ್ಲಿ ಅನೇಕರಿಗೆ ಈ ಆಸೆ ಹುಟ್ಟಿಸಿದ್ದು ಅಮೆರಿಕದ ಒಣ ಕಣಿವೆಗಳ ಚಿತ್ರಗಳು. ಟೆಕ್ಸಾಸ್ ರಾಜ್ಯದಲ್ಲಿ ಪಾಲೊ ಡ್ಯೂರೊ ಎಂಬ ಕಣಿವೆಯಿದೆ. ಉದ್ದ ಸುಮಾರು 120 ಮೈಲಿ. ಆಳ ಕೆಲವು ಕಡೆ 800 ಅಡಿ. ಗೋಡೆಗಳಲ್ಲಿ ಕೆಂಪು, ಹಳದಿ, ಬಿಳಿ ಬಣ್ಣದ ಮಣ್ಣುಕಲ್ಲಿನ ಪಟ್ಟಿಗಳು ಒಂದರ ಮೇಲೊಂದು ಅಡ್ಡಡ್ಡಲಾಗಿ ಸಾಗುತ್ತವೆ. ಆ ಕಣಿವೆಯ ಒಂದು ಭಾಗವನ್ನು ಅಲ್ಲಿನ ರಾಜ್ಯ ಸರ್ಕಾರ 1934ರಲ್ಲಿ ಉದ್ಯಾನವಾಗಿ ಜನರಿಗೆ ತೆರೆಯಿತು. ಕುಟುಂಬಗಳು ಸಂಜೆ ಕಾರಿನಲ್ಲಿ ಇಳಿದುಬರುತ್ತವೆ. ಗೊತ್ತುಮಾಡಿದ ಜಾಗದಲ್ಲಿ ಡೇರೆ ಹಾಕುತ್ತವೆ. ಬೆಳಗ್ಗೆ ಎದ್ದು ಹೋಗುತ್ತವೆ.

ತುಮಕೂರು ಜಿಲ್ಲೆಯಲ್ಲಿ ಅಂಥ ಕಣಿವೆ ಇಲ್ಲ. ಮರುಭೂಮಿಯೂ ಇಲ್ಲ. ಮರುಭೂಮಿ ಎನ್ನಬೇಕಾದರೆ ವರ್ಷಕ್ಕೆ ಇನ್ನೂರೈವತ್ತು ಮಿಲಿಮೀಟರಿಗಿಂತ ಕಡಿಮೆ ಮಳೆಯಾಗಬೇಕು. ಇಲ್ಲಿ ಆರುನೂರಕ್ಕೂ ಮೇಲೆ ಬೀಳುತ್ತದೆ. ಆಗುಂಬೆಯ ಏಳು ಸಾವಿರದ ಮುಂದೆ ಅದು ಸಣ್ಣ ಲೆಕ್ಕ. ಅದರಲ್ಲೂ ಹೆಚ್ಚಿನ ಪಾಲು ಮುಂಗಾರಿನ ಕೊನೆ, ಹಿಂಗಾರಿನ ಮೊದಲ ಕೆಲವು ವಾರಗಳಲ್ಲೇ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ಬಿಸಿಲು, ಬಂಡೆ, ಜಾಲಿ, ಕುರುಚಲು. ಇಡೀ ವರ್ಷ ಹರಿಯುವ ಹೊಳೆ ಒಂದೂ ಇಲ್ಲ.

ಕಣಿವೆ ಯಾಕಿಲ್ಲ ಎಂಬುದಕ್ಕೆ ಉತ್ತರ ಬಂಡೆಯಲ್ಲಿದೆ. ತುಮಕೂರಿನ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿಗೆ ಸೇರಿದವು. ಈಗಿನ ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಉತ್ತರ ದಕ್ಷಿಣವಾಗಿ ನಾನ್ನೂರು ಕಿಲೋಮೀಟರಿನಷ್ಟು ಚಾಚಿಕೊಂಡ ಈ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲನ್ನು ಹೊಳೆ ಸುಲಭವಾಗಿ ಕೊರೆಯಲಾರದು. ಬಿಸಿಲಿಗೆ ಕಾದು, ರಾತ್ರಿ ತಣಿದು ಅದು ಪದರಪದರವಾಗಿ ಕಳಚಿಕೊಳ್ಳುತ್ತದೆ. ಹೀಗೆ ದುಂಡಗಾದ ಬೆಟ್ಟಗಳೇ ದೇವರಾಯನದುರ್ಗ, ಶಿವಗಂಗೆ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗ.

ಆದರೂ ಈ ಸೀಮೆಗೂ ಒಂದು ದೊಡ್ಡ ಕಣಿವೆಗೂ ನೇರ ನಂಟಿದೆ. ದೇವರಾಯನದುರ್ಗದಲ್ಲಿ ಜಯಮಂಗಲಿ ಹುಟ್ಟುತ್ತದೆ. ಕೊರಟಗೆರೆ, ಮಧುಗಿರಿ ದಾಟಿ ಉತ್ತರಕ್ಕೆ ಹರಿದು, ಆಂಧ್ರದ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಅದೇ ಪಿನಾಕಿನಿ, ಪೆನ್ನಾರ್ ಎಂಬ ಹೆಸರಿನಲ್ಲಿ ಮುಂದೆ ಹೋಗಿ ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಎರ್ರಮಲ ಬೆಟ್ಟಗಳನ್ನು ಸೀಳಿದೆ. ಅಲ್ಲಿ ಕೆಂಪು ಬಂಡೆಯ ಎರಡು ಗೋಡೆಗಳು ಎದುರುಬದುರು ನಿಂತಿವೆ. ಎತ್ತರ ಮುನ್ನೂರು ಅಡಿಯ ಆಸುಪಾಸು. ನಡುವೆ ಹಸಿರು ನೀರು. ಅಂಚಿನಲ್ಲಿ ಕೋಟೆ, ಕೋಟೆಯ ಹತ್ತಿರ ಸಾಲುಸಾಲು ಡೇರೆ. ಬೆಂಗಳೂರು, ತುಮಕೂರುಗಳಿಂದ ರಾತ್ರಿ ಕಳೆಯಲು ಅಲ್ಲಿಗೆ ಹೋಗುವ ತರುಣರ ಕಾಲಡಿ ಹರಿಯುವ ನೀರಿನಲ್ಲಿ ತಮ್ಮೂರ ಬೆಟ್ಟದ ಮಳೆಯ ಪಾಲೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಸೀಮೆ ಒಣಸೀಮೆ. ಬಂಡೆ ಗಟ್ಟಿ ಬಂಡೆ. ನೀರು ಸ್ವಲ್ಪ, ಅದೂ ಕೆಲವೇ ಜಾಗದಲ್ಲಿ. ಆ ಕೆಲವೇ ಜಾಗಗಳಲ್ಲಿ ಮೊದಲನೆಯದಕ್ಕೆ ಹೋಗೋಣ.

ತುಮಕೂರು ನಗರ ಬಿಟ್ಟು ದೇವರಾಯನದುರ್ಗದ ದಾರಿ ಹಿಡಿದರೆ ಕಾಲು ಗಂಟೆಯಲ್ಲಿ ಕಾಡು ಶುರುವಾಗುತ್ತದೆ. ಪೇಟೆಯ ಸದ್ದು ಹಿಂದೆ ಬೀಳುತ್ತದೆ. ಗಾಳಿ ಒಂದು ಪಟ್ಟು ತಂಪಾಗುತ್ತದೆ. ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ. ಚಪ್ಪಟೆ ಬಂಡೆಯೊಂದರಲ್ಲಿ ಕೈ ಇಳಿಯುವಷ್ಟು ಒಂದು ಕುಳಿ. ಅದರೊಳಗೆ ತಣ್ಣನೆಯ ನೀರು. ಸುತ್ತಲಿನ ಹಳ್ಳ ಒಣಗಿದಾಗಲೂ ಅದರಲ್ಲಿ ನೀರಾಡುತ್ತದೆ. ವನವಾಸದಲ್ಲಿ ಇಲ್ಲಿ ತಂಗಿದ್ದ ಶ್ರೀರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗಲಿಲ್ಲ, ಬಾಣ ಬಿಟ್ಟ, ಬಂಡೆ ಸೀಳಿ ನೀರು ಬಂತು ಎಂಬುದು ಸ್ಥಳದ ಕಥೆ. ಕಥೆಯನ್ನು ಗಮನವಿಟ್ಟು ಕೇಳಿ. ಅದು ಯುದ್ಧದ ಕಥೆಯಲ್ಲ, ವರದ ಕಥೆಯೂ ಅಲ್ಲ. ಕಾಡಿನಲ್ಲಿ ರಾತ್ರಿ ಕಳೆದವನಿಗೆ ಬೆಳಗ್ಗೆ ನೀರು ಬೇಕಾದ ಕಥೆ.

ಭೂವಿಜ್ಞಾನದ ಲೆಕ್ಕ ಬೇರೆ. ಗ್ರಾನೈಟಿನ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಅದರಲ್ಲಿ ಬಿರುಕುಗಳಿರುತ್ತವೆ. ಮೇಲಿನ ಬೆಟ್ಟದಲ್ಲಿ ಕಾಡು ಇದ್ದರೆ ಮಳೆ ನೀರು ತರಗೆಲೆಯಡಿ, ಮಣ್ಣಿನಡಿ ನಿಧಾನವಾಗಿ ಇಂಗಿ ಆ ಬಿರುಕಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ನಡೆದು ಬುಡದಲ್ಲಿ ಎಲ್ಲೋ ಒಂದು ಕಡೆ ಹೊರಗೆ ಇಣುಕುತ್ತದೆ. ಹಾಗಾಗಿ ಚಿಲುಮೆಯನ್ನು ಕಾಯುವುದೆಂದರೆ ಕುಳಿಯ ಸುತ್ತ ಕಟಕಟೆ ಹಾಕುವುದಷ್ಟೇ ಅಲ್ಲ, ಮೇಲಿನ ಕಾಡನ್ನು ಕಾಯುವುದು.

ಈ ಚಿಲುಮೆಯ ಪಕ್ಕದಲ್ಲಿ ಅರಣ್ಯ ಇಲಾಖೆಯ ಹಳೆಯ ಬಂಗಲೆಯಿದೆ. 1930ರ ದಶಕದ ಕೊನೆಯಲ್ಲಿ ಅಲ್ಲಿ ಒಬ್ಬರು ತಂಗಿದ್ದರು. ಹೆಸರು ಸಲೀಂ ಅಲಿ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಅವರು ಬಂದಿದ್ದರು. ಆಗ ಅವರಿಗೆ ನಲವತ್ತು ದಾಟಿತ್ತು. ಹಕ್ಕಿ ಸಮೀಕ್ಷೆ ಎಂದರೆ ಆ ಕಾಲದಲ್ಲಿ ಬಿಡಾರದಿಂದ ಬಿಡಾರಕ್ಕೆ ಸಾಗುವ ಬದುಕು. ಒಂದು ಕಡೆ ನಿಂತು ನಸುಕಿನಿಂದ ಸುತ್ತುವುದು, ಮಾದರಿ ಸಂಗ್ರಹಿಸುವುದು, ರಾತ್ರಿ ಲಾಂದ್ರದ ಬೆಳಕಿನಲ್ಲಿ ಟಿಪ್ಪಣಿ ಬರೆಯುವುದು, ಮತ್ತೆ ಸಾಮಾನು ಕಟ್ಟುವುದು. ಮೈಸೂರಿನ ಹಕ್ಕಿಗಳ ಕುರಿತ ಅವರ ಬರಹ 1940ರ ದಶಕದ ಮೊದಲ ವರ್ಷಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಚಿಲುಮೆಯ ಬಳಿ ತಂಗಿದ್ದು ಹಕ್ಕಿ ನೋಡುವವರಿಗೆ ಸಹಜವೇ. ಒಣಕಾಡಿನಲ್ಲಿ ನೀರಿರುವ ಕಡೆಗೆ ಎಲ್ಲ ಹಕ್ಕಿಯೂ ಒಂದಲ್ಲ ಒಂದು ಹೊತ್ತು ಬಂದೇ ಬರುತ್ತದೆ.

ಇಂದಿಗೂ ದೇವರಾಯನದುರ್ಗ ಹಕ್ಕಿಪ್ರಿಯರನ್ನು ಕರೆಯುತ್ತದೆ. ಬಂಡೆಗಳ ಸಂದಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ಬೂದು ಮೈ, ಹಳದಿ ತಲೆ, ಹಳದಿ ಗಂಟಲು. ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲೂ ಅದು ಸಿಗುವುದಿಲ್ಲ. ಅದಕ್ಕಾಗಿಯೇ ದೂರದೂರದಿಂದ ಬರುವವರಿದ್ದಾರೆ.

ಕತ್ತಲಾದ ಮೇಲೆ ಈ ಕಾಡಿನ ಬದುಕು ಬೇರೆ. ಬಾನುಲಿಗೆ ಒಗ್ಗುವ ಬದುಕು ಅದು. ಕಣ್ಣಿಗೆ ಏನೂ ಕಾಣದು, ಕಿವಿಗೆ ಎಲ್ಲ ಕೇಳುತ್ತದೆ. ಮೊದಲು ಜೀರುಂಡೆ. ಆಮೇಲೆ ನೆಲದ ಮೇಲೆ ಕುಳಿತು ಚುಕ್ ಚುಕ್ ಎಂದು ಒಂದೇ ತಾಳದಲ್ಲಿ ಕೂಗುವ ನತ್ತಿಂಗ. ಮರದ ಮೇಲಿಂದ ಸಣ್ಣ ಸಿಳ್ಳೆಯ ಹಾಗೆ ಒಂದು ದನಿ ಬಂದರೆ ಅದು ಕಾಡುಪಾಪ ಇರಬಹುದು. ಅಂಗೈ ಉದ್ದಕ್ಕಿಂತ ಸ್ವಲ್ಪ ದೊಡ್ಡ ಪ್ರಾಣಿ. ತೂಕ ಮುನ್ನೂರು ಗ್ರಾಂ ಒಳಗೆ. ಬಾಲವಿಲ್ಲ. ಕೈಕಾಲು ಕಡ್ಡಿ ಕಡ್ಡಿ. ಮುಖದ ತುಂಬ ಎರಡು ದುಂಡು ಕಣ್ಣು. ಹಗಲೆಲ್ಲ ಪೊದೆಯಲ್ಲಿ ಮುದುರಿ ಮಲಗಿ, ರಾತ್ರಿ ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಕೈ ಬದಲಿಸುತ್ತ ಹುಳ ಹಿಡಿದು ತಿನ್ನುತ್ತದೆ. ತುಮಕೂರು ಜಿಲ್ಲೆಯ ಹಳೆಯ ತೋಟಗಳಲ್ಲಿ, ಬೇಲಿಸಾಲುಗಳಲ್ಲಿ, ಗುಂಡುತೋಪುಗಳಲ್ಲಿ ಕಾಡುಪಾಪ ಇದೆಯೆಂಬುದನ್ನು ದಾಖಲಿಸಿ ಹೊರಜಗತ್ತಿಗೆ ತಿಳಿಸುವ ಕೆಲಸವನ್ನು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಗೆಳೆಯರು ವರ್ಷಗಟ್ಟಲೆ ಮಾಡಿದರು. ತಮಿಳುನಾಡು ಸರ್ಕಾರ 2022ರಲ್ಲಿ ಈ ಪ್ರಾಣಿಗಾಗಿಯೇ ಕಡವೂರಿನಲ್ಲಿ ಒಂದು ಅಭಯಾರಣ್ಯ ಘೋಷಿಸಿತು. ನಮ್ಮ ಜಿಲ್ಲೆಯ ತೋಪುಗಳಿಗೂ ಅಷ್ಟು ಗೌರವ ಸಲ್ಲಬೇಕು.

ಇದೇ ಕತ್ತಲಿಗೆ ಇನ್ನೊಂದು ಮುಖವೂ ಇದೆ. ಚಿರತೆ ಮತ್ತು ಕರಡಿ. 2019ರ ಕೊನೆ ಹಾಗೂ 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಜನ ಬಲಿಯಾದರು. ಸತ್ತವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆ ಮನೆಗಳ ನೋವನ್ನು ನೆನೆದರೆ ಕಾಡಿನ ಅಂಚಿನಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕಬೇಡಿ ಎಂಬ ಅರಣ್ಯ ಇಲಾಖೆಯ ಮಾತಿನ ತೂಕ ಅರ್ಥವಾಗುತ್ತದೆ. ದೇವರಾಯನದುರ್ಗದ ಮೀಸಲು ಕಾಡಿನಲ್ಲಿ ರಾತ್ರಿ ಉಳಿಯಲು ಅನುಮತಿ ಬೇಕು, ಉಳಿಯುವುದೂ ಇಲಾಖೆ ತೋರಿಸಿದ ಕಟ್ಟಡದಲ್ಲೇ. ಇದು ಮನುಷ್ಯನ ಜೀವಕ್ಕೂ ಒಳ್ಳೆಯದು, ಚಿರತೆಯ ಜೀವಕ್ಕೂ ಒಳ್ಳೆಯದು.

ಬೆಟ್ಟದ ಬುಡದ ಚಿಲುಮೆ ಮತ್ತು ಅದರ ಪಕ್ಕದ ರಾತ್ರಿಯನ್ನು ನೋಡಿದ್ದಾಯಿತು. ನೀರು ಮತ್ತು ತಂಗುವಿಕೆಯ ಇಂಥದೇ ಇನ್ನೊಂದು ಕಥೆ ಕ್ಯಾತ್ಸಂದ್ರದ ಬಳಿ ಇದೆ. ಸಿದ್ಧಗಂಗೆ. ಬೆಟ್ಟದ ಗುಹೆಯಲ್ಲಿ ತಪಸ್ಸಿಗಿದ್ದ ವಿರಕ್ತರಲ್ಲಿ ಒಬ್ಬರಿಗೆ ರಾತ್ರಿ ಹೊತ್ತಿನಲ್ಲಿ ತಡೆಯಲಾರದ ಬಾಯಾರಿಕೆಯಾಯಿತು. ಹತ್ತಿರ ನೀರಿರಲಿಲ್ಲ. ಗೋಸಲ ಸಿದ್ಧೇಶ್ವರರು ಬಂಡೆಯಿಂದಲೇ ಗಂಗೆಯನ್ನು ಹೊರಡಿಸಿದರು. ಮಠದ ಪರಂಪರೆ ಹೇಳುವ ಈ ಕಥೆಯಲ್ಲೂ ರಾತ್ರಿಯಿದೆ, ಬಂಡೆಯಿದೆ, ದಾಹವಿದೆ. ಮುಂದೆ ಆ ಜಾಗ ಬಂದವರಿಗೆಲ್ಲ ಅನ್ನ, ನೀರು, ಮಲಗಲು ಜಾಗ ಕೊಡುವ ಕ್ಷೇತ್ರವಾಯಿತು. 2019ರ ಜನವರಿಯಲ್ಲಿ 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಉಳಿದು ಓದುವ ಮಕ್ಕಳ ಸಂಖ್ಯೆ ಹಲವು ಸಾವಿರಕ್ಕೆ ಏರಿತು. ತುಮಕೂರಿನ ಹಾದಿಯಲ್ಲಿ ಹೊತ್ತು ಮುಳುಗಿದವರಿಗೆ ಸಿದ್ಧಗಂಗೆಯ ಒಲೆ ಇದೆ ಎಂಬ ಧೈರ್ಯ ಈಗಲೂ ಇದೆ.

ಈಗ ದೇವರಾಯನದುರ್ಗದ ಇನ್ನೊಂದು ಮಗ್ಗುಲಿಗೆ ಹೊರಳೋಣ. ಉತ್ತರಕ್ಕೆ ಹರಿಯುವ ಜಯಮಂಗಲಿಯ ಮಾತು ಆಗಲೇ ಬಂತು. ದೇವರಾಯನದುರ್ಗದ ದಕ್ಷಿಣದ ಕಡೆಯಲ್ಲಿ ಹುಟ್ಟುವುದು ಶಿಂಷಾ. ಒಂದೇ ಬೆಟ್ಟದ ಮಳೆ ಎರಡು ದಾರಿಗೆ ಹಂಚಿಹೋಗುತ್ತದೆ. ಒಂದು ಪಾಲು ಪಿನಾಕಿನಿಗೆ, ಗಂಡಿಕೋಟಕ್ಕೆ. ಇನ್ನೊಂದು ಪಾಲು ಗುಬ್ಬಿ, ಕುಣಿಗಲ್ ಸೀಮೆಗಳ ಮೂಲಕ ಮಂಡ್ಯ ಜಿಲ್ಲೆಗೆ, ಕೊಕ್ಕರೆ ಬೆಳ್ಳೂರಿನ ಹಕ್ಕಿಗಳಿಗೆ, ಕೊನೆಗೆ ಕಾವೇರಿಗೆ.

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷೆಗೆ ಅಡ್ಡಲಾಗಿ ಏರಿ ಹಾಕಿ ದೊಡ್ಡ ಕೆರೆ ಕಟ್ಟಿದ್ದಾರೆ. ಇದಕ್ಕೂ ರಾಮನ ಕಥೆಯೇ. ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ಬಿಡಾರ ಹೂಡಿದ್ದ, ಸೀತೆಯ ಮಾತಿನ ಮೇಲೆ ಕೆರೆ ಕಟ್ಟಿಸಿದ ಎನ್ನುತ್ತಾರೆ. ನಾಮದ ಚಿಲುಮೆಯಲ್ಲಿ ರಾಮನಿಗೆ ಬೇಕಾದದ್ದು ಬೊಗಸೆ ನೀರು. ಇಲ್ಲಿ ಸೀತೆ ಕೇಳಿದ್ದು ಊರಿಗೆಲ್ಲ ಸಾಲುವ ನೀರು. ಹೊರಡುವ ಮುನ್ನ, ಹಿಂದೆ ಉಳಿಯುವವರಿಗಾಗಿ ನೀರಿಗೊಂದು ನೆಲೆ ಮಾಡಿ ಹೋಗುವ ಈ ಕಥೆ ಈ ಸೀಮೆಯ ಕಥೆಗಳಲ್ಲೆಲ್ಲ ಶ್ರೇಷ್ಠವಾದದ್ದು. ಊರಿನ ಹಳಮೆಗೆ ಶಾಸನದ ಸಾಕ್ಷಿಯೂ ಇದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಒಂಬತ್ತನೆಯ ಶತಮಾನದ ಮೊದಲ ಭಾಗದ ತಾಮ್ರಪಟಗಳು ಕಡಬದ ಹೆಸರಿನಲ್ಲೇ ಪ್ರಸಿದ್ಧವಾಗಿವೆ. ಜೈನ ಮುನಿಯೊಬ್ಬರಿಗೆ ಹಳ್ಳಿಯೊಂದನ್ನು ದಾನ ಕೊಟ್ಟ ದಾಖಲೆ ಅದು.

ಗುಬ್ಬಿ ಪೇಟೆ ಹಿಂದೆ ದೊಡ್ಡ ಸಂತೆಯ ಊರು. ಅಡಿಕೆ, ಕೊಬ್ಬರಿ ಹೊತ್ತ ಎತ್ತುಗಳು, ಗಾಡಿಗಳು ನಾಲ್ಕೂ ದಿಕ್ಕಿನಿಂದ ಬಂದು ಅಲ್ಲಿ ತಂಗುತ್ತಿದ್ದವು. ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ಮೇಲೂ ಹಾದುಹೋದ. ಡೇರೆಯಿಂದ ಡೇರೆಗೆ ಸಾಗಿದ ಆತನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ಕೆರೆ, ಮಣ್ಣು, ವ್ಯಾಪಾರಗಳನ್ನು ಊರೂರಿನಲ್ಲೂ ವಿಚಾರಿಸಿ ಬರೆದ ಪುಸ್ತಕ ಅದು.

ಅಧಿಕಾರಿಗಳ ಡೇರೆಗೆ ಆಳುಗಳಿದ್ದರು, ನೀರು ತರುವವರಿದ್ದರು. ಬಯಲಿನ ರಾತ್ರಿಯನ್ನು ನಿಜವಾಗಿ ಬಲ್ಲವರು ಬೇರೆಯೇ ಇದ್ದಾರೆ, ಕುರಿಗಾಹಿಗಳು.

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಈ ಸೀಮೆಯಲ್ಲಿ ಕುರಿ ಮಂದೆ ಹಾಕಿಸುವ ಕಾಲ. ರೈತ ಕುರಿಯವರನ್ನು ಕರೆದು ತನ್ನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಕುರಿಯವರಿಗೆ ಕಾಳು ಅಥವಾ ಹಣ. ಸಂಜೆ ಬಲೆ ಸುತ್ತಿ ರೊಪ್ಪ ಮಾಡುತ್ತಾರೆ. ಎಳೆ ಮರಿಗಳನ್ನು ಬುಟ್ಟಿಯಡಿ ಮುಚ್ಚುತ್ತಾರೆ. ಮೂರು ಕಲ್ಲು ಹೂಡಿ ಮುದ್ದೆ ಬೇಯಿಸುತ್ತಾರೆ. ಕಂಬಳಿ ಹೊದ್ದು ಮಂದೆಯ ಸುತ್ತ ಮಲಗುತ್ತಾರೆ. ಕಣ್ಣು ಮುಚ್ಚಿದರೂ ಕಿವಿ ಎಚ್ಚರ. ನಾಯಿಯ ಬೊಗಳು ಬದಲಾದರೆ ಸಾಕು, ಕೋಲು ಕೈಗೆ ಬರುತ್ತದೆ.

ಬಿಡಾರದ ಜಾಗ ಆರಿಸುವುದರಲ್ಲಿ ಅವರು ನಿಷ್ಣಾತರು. ಕುರಿಗೆ ಕುಡಿಯಲು ಕೆರೆಯೋ ಕಟ್ಟೆಯೋ ಹತ್ತಿರ ಇರಬೇಕು. ಆದರೆ ಮಂದೆ ಕೆರೆಯ ಅಂಗಳದಲ್ಲಿ ನಿಲ್ಲಬಾರದು, ಹಳ್ಳದ ಪಾತ್ರದಲ್ಲಂತೂ ಕೂಡದು. ನೆಲ ಒಂದಿಷ್ಟು ಏರಾಗಿರಬೇಕು. ಪೊದೆ ದೂರವಿರಬೇಕು. ಈ ಜಾಣ್ಮೆ ಯಾವ ಪುಸ್ತಕದಲ್ಲೂ ಅಚ್ಚಾದದ್ದಲ್ಲ. ಆದರೆ ಅಮೆರಿಕದ ಒಣ ಕಣಿವೆಗಳ ಉದ್ಯಾನಗಳಲ್ಲಿ ಬಿಡಾರ ಹೂಡುವವರಿಗೆ ಕೊಡುವ ಸೂಚನೆಗಳನ್ನು ಕೇಳಿ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು ಜೊತೆಯಲ್ಲಿರಲಿ. ಒಣಗಿದ ಹಳ್ಳದಲ್ಲಿ ಡೇರೆ ಹಾಕಬೇಡಿ. ಬೆಂಕಿ ಗೊತ್ತುಮಾಡಿದ ಕಡೆ ಮಾತ್ರ ಇರಲಿ. ನಮ್ಮ ಕುರಿಗಾಹಿಗಳು ಇದನ್ನು ಅಜ್ಜ ಮುತ್ತಜ್ಜಂದಿರಿಂದ ಕಲಿತಿದ್ದಾರೆ. ಬೈಕಿನಲ್ಲಿ ಡೇರೆ ತರುವ ತರುಣರು ಒಂದು ಸಂಜೆ ಯಾವುದಾದರೂ ಮಂದೆಯ ಬಳಿ ಕುಳಿತು ಮಾತಾಡಿಸಿದರೆ ಬಹಳ ಕಲಿಯಬಹುದು.

ಇದುವರೆಗೆ ಕೇಳಿದ ಎಲ್ಲ ಬಿಡಾರಗಳಲ್ಲೂ ಚಿಂತೆ ನೀರು ಇಲ್ಲದ್ದರ ಬಗೆಗೆ. ಇನ್ನು ಹೇಳಬೇಕಾದದ್ದು ನೀರು ಇದ್ದಕ್ಕಿದ್ದಂತೆ ಬರುವುದರ ಬಗೆಗೆ. ಒಣಸೀಮೆಯಲ್ಲಿ ಎರಡೂ ಒಂದರ ಬೆನ್ನಿಗೊಂದು ಇರುತ್ತವೆ.

ಹಳ್ಳದ ಪಾತ್ರದಲ್ಲಿ ಮಲಗಬಾರದು ಎನ್ನುವುದಕ್ಕೆ ಕಾರಣ, ಅಲ್ಲಿಗೆ ನೀರು ನುಗ್ಗಲು ನೀವಿರುವ ಕಡೆಯೇ ಮಳೆ ಬರಬೇಕೆಂದೇನೂ ಇಲ್ಲ. 1997ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನ ರಾಜ್ಯದ ಆಂಟಿಲೋಪ್ ಕಣಿವೆಯಲ್ಲಿ ಹನ್ನೊಂದು ಮಂದಿ ಪ್ರವಾಸಿಗರು ಸತ್ತರು. ಕಿರಿದಾದ ಕಣಿವೆ ಅದು, ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಅವರಿದ್ದ ಕಡೆ ಹೇಳಿಕೊಳ್ಳುವ ಮಳೆ ಇರಲಿಲ್ಲ. ಮೈಲಿಗಳಾಚೆ ಗುಡುಗು ಮಳೆ ಸುರಿದಿತ್ತು. ಆ ನೀರು ಕಣಿವೆಯೊಳಗೆ ಗೋಡೆಯೆತ್ತರ ನುಗ್ಗಿ ಬಂತು. ಬಂಡೆ ನೀರು ಕುಡಿಯುವುದಿಲ್ಲ, ಒಣಗಿ ಗಟ್ಟಿಯಾದ ನೆಲವೂ ಬೇಗ ಕುಡಿಯುವುದಿಲ್ಲ. ಬಿದ್ದದ್ದೆಲ್ಲ ಒಮ್ಮೆಲೇ ಓಡುತ್ತದೆ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಅಣೆಕಟ್ಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಯೋಜನೆ. ಯಡಿಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೆ ಬಂದವರು ಹಾಗೇ ಅಲ್ಲಿಗೂ ಹೋಗಿ ಊಟದ ಬುತ್ತಿ ಬಿಚ್ಚುವುದು ಹಳೆಯ ರೂಢಿ. ಕಲ್ಲಿನ ಕಟ್ಟಡ ನಡುವೆ, ಎರಡೂ ಕಡೆಗೆ ಉದ್ದದ ಮಣ್ಣಿನ ಏರಿ. ಇದರ ಹೆಮ್ಮೆ ಸ್ವಯಂಚಾಲಿತ ಸೈಫನ್. ಡ್ರಮ್ಮಿನ ನೀರನ್ನು ಪೈಪಿಗೆ ಬಾಯಿ ಹಚ್ಚಿ ಒಮ್ಮೆ ಎಳೆದುಬಿಟ್ಟರೆ ಆಮೇಲೆ ನೀರು ತಾನೇ ಹರಿಯುತ್ತದಲ್ಲ, ತತ್ವ ಅದೇ. ಇಲ್ಲಿ ಎಳೆಯುವುದಕ್ಕೆ ಮನುಷ್ಯನೂ ಬೇಡ. ಜಲಾಶಯದ ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತನ್ನಷ್ಟಕ್ಕೆ ಶುರುವಾಗುತ್ತದೆ. ನೀರು ಇಳಿದು ಒಳಗೆ ಗಾಳಿ ಹೊಕ್ಕರೆ ತನ್ನಷ್ಟಕ್ಕೆ ನಿಲ್ಲುತ್ತದೆ. ಬಾಗಿಲು ಎತ್ತುವವರಿಲ್ಲ, ಇಳಿಸುವವರಿಲ್ಲ. ವಿದ್ಯುತ್ತೂ ಬೇಡ. ಅಷ್ಟು ಹಿಂದೆಯೇ ಮೈಸೂರಿನ ಎಂಜಿನಿಯರುಗಳು ಇಂಥದ್ದನ್ನು ಕಟ್ಟಿದರೆಂಬುದು ದೊಡ್ಡ ಸಂಗತಿ.

ಆದರೆ ಕೆಳಗೆ ನಿಂತವರಿಗೆ ಅದರ ಅರ್ಥ ಬೇರೆ. ಯಾರೂ ಬಾಗಿಲು ಎತ್ತುವುದಿಲ್ಲವಾದ್ದರಿಂದ ಯಾರೂ ಕೂಗಿ ಹೇಳುವುದೂ ಇಲ್ಲ. ಮಂಡಿಯುದ್ದ ನೀರು ಕೆಲವೇ ಕ್ಷಣಗಳಲ್ಲಿ ಆಳುದ್ದ ಆಗಬಹುದು. 2025ರ ಅಕ್ಟೋಬರ್‌ನಲ್ಲಿ ಹೊತ್ತು ಕಳೆಯಲೆಂದು ಬಂದು ಅಣೆಕಟ್ಟಿನ ಕೆಳಗೆ ನೀರಿಗಿಳಿದಿದ್ದ ಒಂದು ಬಂಧುಬಳಗದ ಮೇಲೆ ಹೀಗೇ ಏಕಾಏಕಿ ನೀರು ನುಗ್ಗಿತು. ಹೆಂಗಸರು, ಮಕ್ಕಳೂ ಸೇರಿ ಹಲವರು ಕೊಚ್ಚಿಹೋದರು. ತುಮಕೂರಿನ ಮನೆಗಳಲ್ಲಿ ಆ ದುಃಖ ಇನ್ನೂ ಹಸಿಯಾಗಿದೆ. ಪಾಲೊ ಡ್ಯೂರೊ ಕಣಿವೆಯಲ್ಲಿ ರಸ್ತೆ ಹೊಳೆಯನ್ನು ದಾಟುವ ಕಡೆಯಲ್ಲೆಲ್ಲ ಪ್ರವಾಹದ ಎಚ್ಚರಿಕೆ ಬರೆದಿರುತ್ತದೆ. ಮಾರ್ಕೋನಹಳ್ಳಿಯಂಥ ಕಡೆಗಳಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ದೂರಕ್ಕೇ ಕಾಣುವಂತೆ ಅಂಥ ಫಲಕ ಬೇಕು. ಜಲಾಶಯ ತುಂಬುವ ದಿನಗಳಲ್ಲಿ ಕಾವಲೂ ಬೇಕು, ಸೈರನ್ನೂ ಬೇಕು. ಅಲ್ಲಿಯವರೆಗೆ ಕೇಳುಗರು ಒಂದು ಮಾತು ನೆನಪಿಡಿ. ಅಣೆಕಟ್ಟು ತುಂಬಿದ್ದಾಗ ಅದರ ಕೆಳಗಿನ ಹೊಳೆಗೆ ಇಳಿಯಬೇಡಿ. ನೀರನ್ನು ಏರಿಯ ಮೇಲಿಂದ ನೋಡಿ.

ಚಿಲುಮೆ, ಕೆರೆ, ಅಣೆಕಟ್ಟು, ಈ ಮೂರರ ಮಾತಾಯಿತು. ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಬೇಗ ಕಾಣೆಯಾಗುತ್ತಿರುವುದು. ತಲಪರಿಗೆ.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಹಳಬರಿಗೆ ಈ ಹೆಸರು ಗೊತ್ತು. ಕೆರೆಯ ಅಂಗಳದಲ್ಲೋ ಹಳ್ಳದ ಮರಳಿನಲ್ಲೋ ನೀರು ತಾನೇ ಒಸರುವ ಕಡೆ ಆಳವಿಲ್ಲದ ಒಂದು ಗುಂಡಿ. ಅಂಚಿಗೆ ಕಲ್ಲು ಕಟ್ಟಿರುತ್ತಾರೆ. ಅಲ್ಲಿಂದ ಸಣ್ಣ ಕಾಲುವೆಯಲ್ಲಿ ನೀರು ಹೊಲ ತೋಟಗಳಿಗೆ ಹರಿಯುತ್ತಿತ್ತು. ಮೋಟಾರಿಲ್ಲ, ರಾಟೆಯೂ ಇಲ್ಲ. ದನಕರು ಅಲ್ಲೇ ಕುಡಿಯುತ್ತಿದ್ದವು, ಕುರಿಗಾಹಿಗಳೂ ಕುಡಿಯುತ್ತಿದ್ದರು. ತಲಪರಿಗೆ ಇಲ್ಲದ ಕಡೆ ಮರಳು ಬಗೆದು ಒರತೆ ತೋಡಿಕೊಂಡರೆ ಅರ್ಧ ತಾಸಿನಲ್ಲಿ ತಿಳಿನೀರು. ಬೇಸಿಗೆಯ ರಾತ್ರಿ ಬಿಡಾರಗಳು ನಿಂತಿದ್ದದ್ದು ಈ ಒರತೆಗಳ ಮೇಲೆ.

ಎರಡು ಕಾರಣಕ್ಕೆ ಅವು ಬತ್ತಿದವು. ಕೊಳವೆಬಾವಿಗಳು ಕೆಳಗಿನಿಂದ ನೀರೆಳೆದವು. ಕಟ್ಟಡಗಳಿಗಾಗಿ ಮರಳು ಲಾರಿಗಳಲ್ಲಿ ಹೋಯಿತು. ಮರಳು ಇದ್ದಷ್ಟು ಕಾಲ ಮಳೆನೀರು ಅದರೊಳಗೆ ಬಿಸಿಲು ತಾಕದೆ ಉಳಿಯುತ್ತಿತ್ತು. ಮರಳು ಹೋದ ಮೇಲೆ ಹಳ್ಳದಲ್ಲಿ ಉಳಿದದ್ದು ಬರಿ ಜೇಡಿ, ಬಳ್ಳಾರಿ ಜಾಲಿ. ಜಯಮಂಗಲಿಯ ಪಾತ್ರದ ಕೆಲವು ಭಾಗಗಳಲ್ಲಿ ನಡೆದರೆ ಇದು ಹೊಳೆಯೇ ಎಂದು ಅನುಮಾನ ಬರುವಂತಾಗಿದೆ. ಇದೇ ಹೊಳೆಯ ಹೆಸರಿಟ್ಟು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ ಮಾಡಿದರು. ಎಂಟುನೂರು ಎಕರೆಯ ಹುಲ್ಲುಗಾವಲು. ಗಂಡು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ಹೆಣ್ಣು ಕಂದು. ಅವು ಹುಲ್ಲಿನ ಮೇಲೆ ಜಿಗಿಯುತ್ತ ಓಡುವುದನ್ನು ನೋಡಲು ಮುಂಜಾನೆಯೇ ಒಳ್ಳೆಯ ಹೊತ್ತು. ಹೊಳೆಯ ಹೆಸರಿನಲ್ಲಿ ಜಿಂಕೆಯನ್ನು ಕಾಪಾಡುವ ನಾಡು ಹೊಳೆಯನ್ನೂ ಕಾಪಾಡಬೇಕು.

ಹಾಗೆಂದು ಎಲ್ಲ ಮುಗಿದಿಲ್ಲ. ಜಿಲ್ಲೆಯ ಕೆಲವು ಊರುಗಳಲ್ಲಿ ರೈತರು ಹೂತುಹೋದ ತಲಪರಿಗೆಗಳನ್ನು ಹುಡುಕಿ ಹೂಳು ತೆಗೆದಿದ್ದಾರೆ. ಮಳೆ ಚೆನ್ನಾದ ವರ್ಷ ಅವುಗಳಲ್ಲಿ ಮತ್ತೆ ನೀರು ಕಂಡಿದೆ. ನಿಮ್ಮ ಊರಿನ ಕೆರೆಯಂಗಳದಲ್ಲಿ ತಲಪರಿಗೆ ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಜಾಗ ತೋರಿಸಬಲ್ಲವರು ಇನ್ನೂ ಇದ್ದಾರೆ.

ಇನ್ನು ಹೊರಡುವವರಿಗೆ ಕೆಲವು ಮಾತು. ದೇವರಾಯನದುರ್ಗದಲ್ಲಿ ರಾತ್ರಿ ಉಳಿಯುವ ಮನಸ್ಸಿದ್ದರೆ ತುಮಕೂರಿನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಳೆ ನಿಂತು ಚಳಿ ಇಳಿಯುವ ನವೆಂಬರ್, ಡಿಸೆಂಬರ್ ತಿಂಗಳು ಹಿತ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿರುತ್ತದೆ, ಒಂದು ಬೀಡಿಯ ಕಿಡಿಯೂ ಬೆಟ್ಟವನ್ನು ಸುಡಬಲ್ಲದು. ಆ ದಿನಗಳಲ್ಲಿ ಬೆಂಕಿಪೊಟ್ಟಣವನ್ನು ಮನೆಯಲ್ಲೇ ಬಿಡಿ. ಕುಡಿಯುವ ನೀರು ಮನೆಯಿಂದ ತುಂಬಿಕೊಂಡು ಹೋಗಿ, ಖಾಲಿ ಬಾಟಲಿ ವಾಪಸು ತನ್ನಿ. ಕೋತಿಗಳಿಗೆ ತಿಂಡಿ ಹಾಕಬೇಡಿ. ನಾಮದ ಚಿಲುಮೆಯ ನೀರಿಗೆ ಸೋಪು, ಶಾಂಪೂ ತಾಕಿಸಬೇಡಿ. ಆ ಕುಳಿಯ ನೀರು ಹಗಲು ನಿಮಗೆ, ರಾತ್ರಿ ಕಾಡಿನವರಿಗೆ.